ರಕ್ತದ ಸುದ್ದಿ ಮೊದಲು ತಿಳಿಯುವ ಯುಶಿಯಾ

ಬೆಳಗಿನ ಆರಕ್ಕೆ ಬಾಗಿಲು ತೆರೆಯುವ ಮೊದಲೇ ಪಾನ್ ಯುಶಿಯಾ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿಕೊಂಡು ನಿಂತಿದ್ದಾರೆ. ಹೊರಗೆ ಸೆಕೆ ಆಗಲೇ ಶುರುವಾಗಿದೆ. ಒಳಗೆ, ದೊಂಗ್‌ಗಾಂಗ್ ಬಂದರಿನ ಈ ಆಸ್ಪತ್ರೆಯ ರಕ್ತ ತೆಗೆಯುವ ಕೋಣೆಯಲ್ಲಿ, ಏಸಿಯ ಥಂಡಿಗೆ ಹಲ್ಲು ಕಟಕಟ ಅನ್ನುತ್ತವೆ. ಮುಟ್ಟುವ ಕೈ ತಣ್ಣಗಿದ್ದರೆ ಮನುಷ್ಯ ಬೆಚ್ಚುತ್ತಾನೆ, ಮನುಷ್ಯ ಬೆಚ್ಚಿದರೆ ನರ ಒಳಗೆ ಸೇರಿಕೊಳ್ಳುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. "ಆಮೇಲೆ ಹುಡುಕೋದು ಅಂದ್ರೆ ಕೆಸರು ಕೊಳದಲ್ಲಿ ಹಾವುಮೀನು ಹಿಡಿದ ಹಾಗೆ. ಅದಕ್ಕಿಂತ ಬೋಗುಣಿ ನೀರೇ ವಾಸಿ," ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ.

ಮೊದಲ ಚೀಟಿ ಹಿಡಿದು ಬಂದವರು ದೋಣಿ ರಿಪೇರಿ ಮಾಡುವ ಹಿರಿಯರೊಬ್ಬರು. ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇದೆ. ಸಾಲಾಗಿ ಇಟ್ಟ ಟ್ಯೂಬುಗಳನ್ನು ನೋಡಿದ್ದೇ ಗೊಣಗಾಟ ಶುರು.

"ಇಷ್ಟೊಂದು ಯಾಕಮ್ಮ? ಸೊಳ್ಳೆ ಕುಡಿಯೋವಷ್ಟು ಸಾಲಲ್ವಾ?"

"ಸೊಳ್ಳೆ ರಿಪೋರ್ಟ್ ಕೊಡಲ್ವಲ್ಲ ಮಾವ. ಕೊಟ್ಟಿದ್ರೆ ನಾನೂ ಮನೇಲಿ ಹಾಯಾಗಿ ಮಲಗಿರ್ತಿದ್ದೆ. ಹೆಸರು ಹೇಳಿ, ಹುಟ್ಟಿದ ದಿನ ಹೇಳಿ."

"ಇಷ್ಟು ವರ್ಷದಿಂದ ನೋಡ್ತಿದೀಯ, ಇನ್ನೂ ಹೆಸರು ಬೇರೆ ಹೇಳ್ಬೇಕಾ ನಿಂಗೆ?"

"ನಂಗೆ ಗೊತ್ತು ಮಾವ. ಟ್ಯೂಬಿಗೆ ಗೊತ್ತಿಲ್ಲ."

ಹಿರಿಯರು ನಗುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಆಗಿದೆ. ಹತ್ತಿ ಒತ್ತಿ ಹಿಡಿಸಿ, ಹೊರಗಿನ ತಿಂಡಿ ಅಂಗಡಿಯಲ್ಲಿ ಬಿಸಿ ಸೋಯಾಹಾಲು ಕುಡಿದೇ ಮನೆಗೆ ಹೋಗಬೇಕೆಂದು ಗದರಿಸಿ ಕಳಿಸುತ್ತಾರೆ.

ಮಾಮೂಲಿ ದಿನಗಳಲ್ಲಿ ಈ ಹೊತ್ತಿಗೆ ಬೆಂಚುಗಳು ತುಂಬಿ, ನಿಂತವರ ಸಾಲು ಔಷಧಿ ಕೌಂಟರನ್ನು ಮುಟ್ಟಿರುತ್ತದೆ. ಇವತ್ತು ಅರ್ಧಕ್ಕರ್ಧ ಖಾಲಿ. ಪಂಚಾಂಗದ ಏಳನೇ ತಿಂಗಳು ನಡೆಯುತ್ತಿದೆ. ಹಿಂದುಮುಂದಿಲ್ಲದೆ ಸತ್ತವರಿಗೆಲ್ಲ ಈ ತಿಂಗಳು ಬಿಡುವು, ಊರಲ್ಲಿ ಅಡ್ಡಾಡಿಕೊಂಡಿರುತ್ತಾರೆ. ಅವರನ್ನು ದೆವ್ವ ಎಂದು ಯಾರೂ ಬಾಯಿತಪ್ಪಿಯೂ ಅನ್ನುವುದಿಲ್ಲ, 'ಒಳ್ಳೆ ಅಣ್ಣಂದಿರು' ಎಂದೇ ಕರೆಯುವುದು. ಈ ತಿಂಗಳಲ್ಲಿ ಮದುವೆ ಇಲ್ಲ, ಹೊಸ ದೋಣಿ ನೀರಿಗಿಳಿಯುವುದಿಲ್ಲ, ಮುಂದೂಡಬಹುದಾದ ಆಪರೇಷನ್ನುಗಳೆಲ್ಲ ಮುಂದಕ್ಕೆ ಹೋಗುತ್ತವೆ. ಆಸ್ಪತ್ರೆಯವರೇನು ಆಕಾಶದಿಂದ ಇಳಿದವರಲ್ಲ. ಲ್ಯಾಬಿನ ದೊಡ್ಡ ಯಂತ್ರದ ನೆತ್ತಿಯ ಮೇಲೆ 'ಜಾಣಮರಿ' ಎಂಬರ್ಥದ ಹೆಸರಿನ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದು ವರ್ಷವಿಡೀ ಕೂತಿರುತ್ತದೆ, ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳಿಕೊಂಡಿರಲಿ ಎಂದು. ಈ ತಿಂಗಳಲ್ಲಂತೂ ಅದರ ತಾರೀಕು ಮೀರಿಲ್ಲ ತಾನೇ ಎಂದು ಯುಶಿಯಾ ಮತ್ತೆ ಮತ್ತೆ ನೋಡುತ್ತಾರೆ.

ಇದನ್ನೆಲ್ಲ ನೀವೂ ನಂಬುತ್ತೀರಾ ಎಂದರೆ ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ. "ನಂಬದೆ ಏನು? ಕತ್ತಲಾದ ಮೇಲೆ ಒಗೆದ ಬಟ್ಟೆ ನಾನೂ ಹೊರಗೆ ಬಿಡಲ್ಲ, ಅಣ್ಣಂದಿರು ಹಾಕ್ಕೊಂಡುಬಿಡ್ತಾರೆ. ಆದ್ರೆ ರಕ್ತ ತೆಗೀಬೇಡ ಅಂದ್ರೆ ಮಾತ್ರ ಕೇಳಲ್ಲ."

ಯುಶಿಯಾಗೆ ಈಗ ಐವತ್ತೆರಡು. ಜಂಬುಹಣ್ಣಿನ ತೋಟಗಳಲ್ಲಿ ಕೂಲಿಗೆ ಹೋಗುತ್ತಿದ್ದ ಮನೆಯ ಮಗಳು. ಚಿಕ್ಕಂದಿನಲ್ಲಿ ಆಸೆ ಇದ್ದದ್ದು ಕ್ಷೌರದಂಗಡಿಯ ಮೇಲೆ. ಊರಿನ ಹೆಂಗಸರಿಗೆಲ್ಲ ಕೂದಲು ಗುಂಗುರು ಮಾಡಿಕೊಂಡು, ಕನ್ನಡಿಯ ಮುಂದೆ ಹರಟೆ ಹೊಡೆಯುತ್ತಾ ಇರಬೇಕು ಅಂತ. ಸೋದರಮಾವ ಅಡ್ಡಬಂದು ಲ್ಯಾಬ್ ಕೋರ್ಸಿಗೆ ಸೇರಿಸಿದರು. "ಕೂತ್ಕೊಂಡು ಮಾಡೋ ಕೆಲಸ ಅಂತ ಮಾವ ಹೇಳಿದ್ರು. ಕೂತ್ಕೊಂಡಾ? ಸಂಜೆ ಮನೆಗೆ ಹೋದ್ರೆ ಕಾಲು ನಂದೋ ಪಕ್ಕದ ಮನೆಯವಳದೋ ಗೊತ್ತಾಗಲ್ಲ," ಎಂದು ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ತೋರಿಸಿ ನಗುತ್ತಾರೆ.

ಇಲ್ಲಿ ರಕ್ತ ತೆಗೆಯುವವರು, ಅದನ್ನು ಪರೀಕ್ಷೆ ಮಾಡುವವರು ಎಂಬ ಭೇದವಿಲ್ಲ. ಬೆಳಗ್ಗೆ ಸೂಜಿ ಹಿಡಿದ ಕೈಯೇ ಮಧ್ಯಾಹ್ನ ಯಂತ್ರದ ಮುಂದೆ ಇರುತ್ತದೆ. ಒಂದು ಬೆಳಗಿಗೆ ನೂರರ ಮೇಲೆ ತೋಳುಗಳು. ಬಲಗೈ ಹೆಬ್ಬೆರಳು ಮಡಿಸಿದರೆ ಬಿಚ್ಚದಂತಾಗಿ ಒಮ್ಮೆ ಆಪರೇಷನ್ ಆಗಿದೆ. ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವ ಗಂಡ ವರ್ಷದ ಹೆಚ್ಚಿನ ಭಾಗ ಸಮುದ್ರದ ಮೇಲೆ. ನರ ಸಿಗದಿದ್ದರೆ ಬಾಯಿಗೆ ಬಂದಂತೆ ಬೈಯುವವರಿದ್ದಾರೆ. ಇವೆಲ್ಲವನ್ನೂ ಅವರು ಹವಾಮಾನದ ವರದಿ ಓದಿದ ಹಾಗೆ ಹೇಳಿ ಮುಗಿಸುತ್ತಾರೆ. ದನಿ ತಗ್ಗುವುದು ಒಂದೇ ಒಂದು ವಿಷಯಕ್ಕೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೋಂಕಿದ್ದ ರೋಗಿಯೊಬ್ಬರಿಗೆ ಚುಚ್ಚಿದ ಸೂಜಿ ಅವರ ಬೆರಳಿಗೂ ಚುಚ್ಚಿತು. ಸೋಂಕು ತಗುಲಿಲ್ಲವೆಂದು ಖಾತ್ರಿಯಾಗಲು ತಿಂಗಳುಗಟ್ಟಲೆ ಕಾಯಬೇಕಾಯಿತು. "ಆವಾಗ ಗೊತ್ತಾಯ್ತು, ರಕ್ತ ಕೊಟ್ಟು ಬೆಂಚಿನ ಮೇಲೆ ಕೂತಿರೋರು ಏನು ಅನುಭವಿಸ್ತಾರೆ ಅಂತ. ದಿನಾ ಕ್ಯಾಲೆಂಡರ್ ಮೇಲೆ ಗೀಟು ಹಾಕ್ತಿದ್ದೆ," ಎನ್ನುತ್ತಾರೆ.

ಆ ಬೆಂಚಿನ ಮೇಲೆ ಮತ್ತೆ ಮತ್ತೆ ಬಂದು ಕೂರುವವರಲ್ಲಿ ಲೂಪಸ್ ರೋಗಿಗಳು ಮುಖ್ಯರು. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ರೆಕ್ಕೆ ಬಿಚ್ಚಿದಂತೆ ಕೆಂಪು ಏಳುವುದರಿಂದ ಊರವರು ಇದನ್ನು ಚಿಟ್ಟೆ ಕಾಯಿಲೆ ಎನ್ನುತ್ತಾರೆ. ಹೆಸರು ಕೇಳಲು ಚೆಂದ, ಕಾಯಿಲೆ ಮಾತ್ರ ಮನೆಹಾಳು. ಹೊರಗಿನ ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲುಪಡೆ ಮನೆಯವರನ್ನೇ ಹಿಡಿದು ಹೊಡೆಯುತ್ತದೆ. ಒಮ್ಮೆ ಕೀಲು, ಒಮ್ಮೆ ಚರ್ಮ, ಹಲವರಲ್ಲಿ ಸದ್ದಿಲ್ಲದೆ ಕಿಡ್ನಿ. ಹೆಚ್ಚಿನವರು ಪ್ರಾಯದ ಹೆಣ್ಣುಮಕ್ಕಳು. ಬಿಸಿಲು ಬಿದ್ದರೆ ಕಾಯಿಲೆ ಕೆರಳುತ್ತದೆ, ಅವರು ಹುಟ್ಟಿದ್ದು ನೋಡಿದರೆ ಇಂಥ ಸುಡುಬಿಸಿಲಿನ ಊರಿನಲ್ಲಿ. ಯುಶಿಯಾಗೆ ಇವರನ್ನು ಕಂಡರೆ ಒಂದು ತೂಕ ಹೆಚ್ಚೇ ಪ್ರೀತಿ, ಅದನ್ನು ಅವರು ಮುಚ್ಚಿಡುವುದೂ ಇಲ್ಲ.

"ನೋವಿದ್ರೆ ಮನುಷ್ಯ ತಾನಾಗಿ ಡಾಕ್ಟ್ರ ಹತ್ರ ಓಡ್ತಾನೆ. ಕಿಡ್ನಿ ನೋಯಲ್ಲ ನೋಡಿ. ಅದು ಒಳಗೊಳಗೇ ಹಾಳಾಗ್ತಿರತ್ತೆ, ಇವಳು ಹೊರಗೆ ನಗ್ತಾ ಮೀನು ಮಾರ್ತಿರ್ತಾಳೆ. ಹೇಳೋದು ರಕ್ತ ಮತ್ತೆ ಮೂತ್ರ, ಅವೆರಡೇ," ಎನ್ನುತ್ತಾರೆ.

ಏನು ಹೇಳುತ್ತವೆ ಎಂದರೆ, ಯುಶಿಯಾ ಅಡುಗೆಮನೆಯ ಉದಾಹರಣೆ ಕೊಡುತ್ತಾರೆ. "ಸಿ-ತ್ರೀ, ಸಿ-ಫೋರ್ ಅಂತ ರಕ್ತದಲ್ಲಿ ಪ್ರೋಟೀನ್ ಇರತ್ತೆ. ಮನೆಯ ಅಕ್ಕಿ ಡಬ್ಬ ಅಂದ್ಕೊಳ್ಳಿ. ಒಳಗೆ ಜಗಳ ಶುರುವಾದ್ರೆ ಅದು ಖರ್ಚಾಗೋಕೆ ಶುರುವಾಗತ್ತೆ. ಡಬ್ಬ ಇಳೀತಿದೆ ಅಂದ್ರೆ ಯಾರೋ ಒಳಗೆ ಕೂತು ತಿಂತಿದಾರೆ ಅಂತ." ಇನ್ನೊಂದು, ತನ್ನದೇ ಡಿಎನ್‌ಎ ವಿರುದ್ಧ ಮೈ ತಯಾರಿಸುವ ಪ್ರತಿಕಾಯ. ಅದು ಏರಬಾರದು. ಆ ಪರೀಕ್ಷೆಯನ್ನು ಕತ್ತಲು ಕೋಣೆಯ ಸೂಕ್ಷ್ಮದರ್ಶಕದಲ್ಲಿ ಮಾಡುತ್ತಾರೆ. ರೋಗ ಚುರುಕಾಗಿದ್ದರೆ ಕಪ್ಪಿನಲ್ಲಿ ಎಳ್ಳುಕಾಳಿನಷ್ಟು ಹಸಿರು ಚುಕ್ಕೆಗಳು ಮಿನುಗುತ್ತವೆ. "ನೋಡೋಕೆ ತುಂಬ ಚೆನ್ನಾಗಿರತ್ತೆ. ಚೆನ್ನಾಗಿದೆ ಅನ್ನಿಸಿದ್ದಕ್ಕೇ ಹೊಟ್ಟೆ ಉರಿಯತ್ತೆ," ಎನ್ನುತ್ತಾರೆ. ಡಬ್ಬ ಇಳಿದು ಪ್ರತಿಕಾಯ ಏರಿ, ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದರೆ ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂದೇ ಲೆಕ್ಕ. ಎಲ್ಲರೂ ಕೇಳುವ ಕ್ರಿಯಾಟಿನಿನ್ ಬಗ್ಗೆ ಅವರಿಗೆ ಅಷ್ಟು ಗೌರವವಿಲ್ಲ. "ಅದು ಬಾಯಿ ಬಿಡೋ ಹೊತ್ತಿಗೆ ಅರ್ಧ ಮನೆ ಸುಟ್ಟಿರತ್ತೆ."

ಇಷ್ಟೆಲ್ಲ ತಿಳಿದವರಿಗೆ ಒಂದೇ ಒಂದು ಕಟ್ಟುಪಾಡು. ಫಲಿತಾಂಶವನ್ನು ರೋಗಿಗೆ ಹೇಳುವ ಹಾಗಿಲ್ಲ. ಒಳ್ಳೆಯದೋ ಕೆಟ್ಟದೋ, ಅದು ಡಾಕ್ಟರ ಬಾಯಿಂದಲೇ ಬರಬೇಕು. ಹಾಗಾಗಿ ಊರಿನ ಎಷ್ಟೋ ಮನೆಗಳ ಸುದ್ದಿ ಎಲ್ಲರಿಗಿಂತ ಮೊದಲು ತಿಳಿಯುವ ಈ ಹೆಂಗಸು ಮಾರ್ಕೆಟ್ಟಿನಲ್ಲಿ ಅದೇ ಮನೆಯವರ ಕೈಯಿಂದ ಸೊಪ್ಪು ಕೊಂಡು, ಏನೂ ಗೊತ್ತಿಲ್ಲದವರಂತೆ ಮುಖ ಮಾಡಿಕೊಂಡು ಬರುತ್ತಾರೆ.

ಕಳೆದ ವರ್ಷದ ಏಳನೇ ತಿಂಗಳಲ್ಲಿ ಈ ಕಟ್ಟುಪಾಡು ಅವರ ಕುತ್ತಿಗೆಗೇ ಬಂತು. ಆ ಕಥೆಯನ್ನು ಯುಶಿಯಾ ತಾವಾಗಿ ಯಾವತ್ತೂ ಹೇಳಿದವರಲ್ಲ. ಹೇಳುವುದು ಬಂದರಿನ ಮಾರ್ಕೆಟ್ಟಿನಲ್ಲಿ ಮೀನುಂಡೆ ಮಾರುವ ಹುಂಗ್ ಜಿನ್‌ಜು. ಹೆಸರು ಬದಲಾಯಿಸಿ ಬರೆಯಬಹುದು ಎಂದರೆ ಆಕೆ ಸೌಟು ಎತ್ತಿಕೊಂಡೇ ಜಗಳಕ್ಕೆ ಬರುತ್ತಾರೆ. "ಯಾಕ್ ಬದಲಾಯಿಸ್ತೀರಿ? ನನ್ನ ಹೆಸರೇ ಹಾಕಿ, ದಪ್ಪ ಅಕ್ಷರದಲ್ಲಿ ಹಾಕಿ. ಇನ್ನೊಬ್ಬ ತಾಯಿ ಓದಿ ನಾಚ್ಕೊಂಡು ಸುಮ್ನಾದ್ರೆ ಅಷ್ಟೇ ಸಾಕು."

ಜಿನ್‌ಜು ಅವರಿಗೆ ಒಬ್ಬಳೇ ಮಗಳು, ಸಿಯುನ್. ಬೆಳಕು ಹರಿಯುವ ಮೊದಲು ಟ್ಯೂನಾ ಹರಾಜು ಕೂಗುವ ಕೆಲಸ ಅವಳದು. ಬಿಸಿಲೇರುವ ಹೊತ್ತಿಗೆ ಮುಗಿದಿರುತ್ತದೆ, ಚಿಟ್ಟೆ ಕಾಯಿಲೆಯವಳಿಗೆ ಹೇಳಿ ಮಾಡಿಸಿದ ಹಾಗೆ. ಕೆಲವು ವರ್ಷ ಕಾಯಿಲೆ ತೆಪ್ಪಗಿತ್ತು. ಆಮೇಲೆ ಸಿ-ತ್ರೀ ಇಳಿಯತೊಡಗಿತು. ಮೂತ್ರದಲ್ಲಿ ಪ್ರೋಟೀನಿನ ಎಳೆ ಕಂಡಿತು. ಮುಂದಿನ ಸಲವೂ ಹೀಗೇ ಇದ್ದರೆ ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದು ನೋಡಲೇಬೇಕು, ಅದನ್ನು ನೋಡಿಯೇ ಔಷಧಿ ನಿಗದಿ ಮಾಡುವುದು ಎಂದು ಡಾಕ್ಟರ್ ವೆಯ್ ಹೇಳಿ ಕಳಿಸಿದರು. ಮುಂದಿನ ಸಲ ಎಂದರೆ ಸರಿಯಾಗಿ ಏಳನೇ ತಿಂಗಳು.

"ನಮ್ಮೋರು ಹೋಗಿದ್ದೂ ಅದೇ ತಿಂಗಳು," ಎನ್ನುತ್ತಾ ಜಿನ್‌ಜು ಸೌಟು ಕೆಳಗಿಡುತ್ತಾರೆ. "ಹೊಟ್ಟೆನೋವು ಅಂತ ತಾವೇ ನಡ್ಕೊಂಡು ಆಪರೇಷನ್ ಕೋಣೆಗೆ ಹೋದೋರು. ಚಪ್ಪಲಿ ನನ್ನ ಕೈಗೆ ಕೊಟ್ಟು ಹೋದ್ರು. ಅವರು ವಾಪಸ್ ಬರ್ಲೇ ಇಲ್ಲ, ಚಪ್ಪಲಿ ಹಿಡ್ಕೊಂಡು ನಾನೊಬ್ಳೇ ಮನೆಗೆ ಬಂದೆ. ಅಂಥೋಳು ಮಗಳನ್ನ ಅದೇ ತಿಂಗಳು ಕಳಿಸ್ತೀನಾ ನಾನು?"

ಬೆಳಗಿನ ಮೊದಲ ಮೂತ್ರವನ್ನು ಮನೆಯಲ್ಲೇ ಟ್ಯೂಬಿಗೆ ತುಂಬಿ ತರುವುದು ಇಲ್ಲಿನ ವಾಡಿಕೆ. ಸಿಯುನ್ ತುಂಬಿಟ್ಟು ಬಟ್ಟೆ ಬದಲಿಸಲು ಹೋದಳು. ತಾಯಿ ಬಚ್ಚಲಿಗೆ ನುಗ್ಗಿ, ಮಗಳದ್ದನ್ನು ಚೆಲ್ಲಿ, ತೊಳೆದು, ತಮ್ಮದನ್ನು ತುಂಬಿ ಮುಚ್ಚಳ ಬಿಗಿದರು. ಒಂದು ತಿಂಗಳು ದಾಟಿದರೆ ಸಾಕು, ಎಂಟನೇ ತಿಂಗಳಲ್ಲಿ ಏನು ಬೇಕಾದರೂ ಮಾಡಿಸಿಕೊಳ್ಳಲಿ ಎಂಬುದು ಅವರ ಎಣಿಕೆ. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲವಂತೆ, ಮಗಳ ತಲೆಯ ಮೇಲೆ ಕೊಡೆ ಹಿಡಿದ ಹಾಗೆ ಅನ್ನಿಸಿತಂತೆ.

ಅಂದು ಸಿಯುನ್‌ಳ ತೋಳಿನಿಂದ ರಕ್ತ ತೆಗೆದವರು ಯುಶಿಯಾ. ಮಧ್ಯಾಹ್ನಕ್ಕೆ ಮುಂಚೆ ಯಂತ್ರದ ಮುಂದೆ ಕೂತವರೂ ಅವರೇ. ರಕ್ತದ ಅಂಕಿಗಳು ಮೊದಲು ಬಂದವು. ಸಿ-ತ್ರೀ ಕಳೆದ ಸಲಕ್ಕಿಂತ ಇನ್ನೂ ಕೆಳಗೆ, ಸಿ-ಫೋರ್ ತಳ ಕಂಡಿದೆ. ಅದರ ಹಿಂದೆಯೇ ಮೂತ್ರದ್ದು ಬಂತು: ಪ್ರೋಟೀನ್ ಇಲ್ಲವೇ ಇಲ್ಲ. ಒಂದು ಗಳಿಗೆ ಸಮಾಧಾನವಾಯಿತು ಎನ್ನುತ್ತಾರೆ ಯುಶಿಯಾ. ಆಮೇಲೆ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಮೂತ್ರದಲ್ಲಿ ಸಕ್ಕರೆ ವಿಪರೀತ. ಹುಡುಗಿಯ ರಕ್ತದಲ್ಲಿ ನೋಡಿದರೆ ಸಕ್ಕರೆ ಸರಿಯಾಗಿದೆ, ಸಕ್ಕರೆಯನ್ನು ಮೂತ್ರಕ್ಕೆ ತಳ್ಳುವಂಥ ಮಾತ್ರೆಯನ್ನೂ ಅವಳು ನುಂಗುವುದಿಲ್ಲ. ರಕ್ತ ಒಬ್ಬರದು, ಮೂತ್ರ ಇನ್ನೊಬ್ಬರದು.

ನಿಯಮದ ಪ್ರಕಾರ ಮಾಡಬೇಕಾದದ್ದು ಸುಲಭ. 'ಮಾದರಿ ಈ ರೋಗಿಯದಲ್ಲ ಎಂಬ ಅನುಮಾನವಿದೆ' ಎಂದು ಬರೆದು ಮೇಲಕ್ಕೆ ಕಳಿಸಿದರೆ ಮುಗಿಯಿತು. ಆದರೆ ಆಮೇಲೆ ವಿಚಾರಣೆ, ಕೌಂಟರಿನಲ್ಲಿ ಎಲ್ಲರೆದುರು ಪ್ರಶ್ನೆ. ಅದನ್ನು ಮಾಡಿದವರು ಮನೆಯವರೇ ಇರಬೇಕು, ಪ್ರೀತಿಯಿಂದಲೇ ಮಾಡಿರಬೇಕು ಎಂದು ಅವರಿಗೆ ಆಗಲೇ ಹೊಳೆದಿತ್ತು. ಮರ್ಯಾದೆ ಹೋಯಿತೆಂದರೆ ಆ ಮನೆಯವರು ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ. ಸುಮ್ಮನಿದ್ದರೆ ಶುದ್ಧ ಮೂತ್ರದ ವರದಿ ಹೋಗಿ ಒಂದು ತಿಂಗಳು ಕಳೆಯುತ್ತದೆ, ಕಿಡ್ನಿಗೆ ಅಷ್ಟು ಪುರುಸೊತ್ತಿಲ್ಲ. ಯುಶಿಯಾ ಎದ್ದು ಟ್ಯೂಬನ್ನು ಸಿಂಕಿಗೆ ಸುರಿದರು. 'ನನ್ನ ಕೈಜಾರಿ ಚೆಲ್ಲಿತು, ಮತ್ತೆ ತರಿಸಬೇಕು' ಎಂದು ಬರೆದು ಫೋನ್ ಎತ್ತಿದರು. ಆ ತಿಂಗಳ ಮೀಟಿಂಗಿನಲ್ಲಿ ಅದಕ್ಕಾಗಿ ಎಲ್ಲರ ಮುಂದೆ ಬೈಸಿಕೊಂಡರು. ತಪ್ಪು ತಪ್ಪೇ, ಹಾಗೆ ಯಾರೂ ಮಾಡಬಾರದು ಎಂದು ಈಗಲೂ ಅವರೇ ಹೇಳುತ್ತಾರೆ.

ತಾಯಿ ಮಗಳು ಸ್ಕೂಟರಿನಲ್ಲಿ ಬಂದರು. ಮಗಳಿಗೆ ಬೇಸರ, ತಾಯಿಯ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ.

"ಮುಂದಿನ ತಿಂಗಳು ಕೊಟ್ರೆ ಆಗಲ್ವಾ ಮೇಡಂ? ಪಾಪ, ಈಗ ತಾನೇ ಮಲಗಿದ್ಲು," ಎಂದರು ಜಿನ್‌ಜು.

"ತಪ್ಪು ನಂದೇ ಅಕ್ಕ, ಬೈಕೊಳ್ಳಿ. ಸಿಯುನ್, ಇಲ್ಲೇ ಪಕ್ಕದ ಟಾಯ್ಲೆಟ್ಟಿಗೆ ಹೋಗಿ ಬಾಮ್ಮ."

ಹುಡುಗಿ ಒಳಗೆ ಹೋದ ಮೇಲೆ ಯುಶಿಯಾ ಕೌಂಟರಿನಿಂದ ಹೊರಗೆ ಬಂದು ಬೆಂಚಿನ ಮೇಲೆ ಜಿನ್‌ಜು ಅವರ ಪಕ್ಕ ಕೂತರು.

"ಅಕ್ಕ, ನಿಮಗೆ ಸಕ್ಕರೆ ಕಾಯಿಲೆ ಇದೆ ಅಲ್ವಾ?"

ಜಿನ್‌ಜು ಟಾಯ್ಲೆಟ್ಟಿನ ಬಾಗಿಲ ಕಡೆ ನೋಡಿದರು.

"ಹೊಸ ಮಾತ್ರೆ ಕೊಟ್ಟಿದಾರೆ ಅನ್ಸತ್ತೆ. ಚೆನ್ನಾಗಿ ಕೆಲಸ ಮಾಡ್ತಿದೆ. ಸಕ್ಕರೆ ಎಲ್ಲ ಹೊರಗೆ ಹೋಗ್ತಿದೆ."

"ಆವಾಗ ಭೂಮಿ ಬಾಯಿಬಿಡಬಾರ್ದಾ ಅನ್ನಿಸ್ತು," ಎಂದು ಜಿನ್‌ಜು ನೆನೆಯುತ್ತಾರೆ. "ಒಂದು ಕೆಟ್ಟ ಮಾತು ಆಡಲಿಲ್ಲ ನೋಡಿ ಇವರು. ಬೈದಿದ್ರೆ ತಿರುಗಿಸಿ ಬೈದು ಎದ್ದು ಹೋಗ್ತಿದ್ದೆ, ನನ್ನ ಬಾಯಿ ಎಂಥದ್ದು ಅಂತ ಮಾರ್ಕೆಟ್ಟಿಗೆಲ್ಲ ಗೊತ್ತು. ಕೈ ಹಿಡ್ಕೊಂಡು ಕೂತ್ರು. ಬಿಸಿ ಕೈ."

ಆಮೇಲೆ ಅಳು, ಚಪ್ಪಲಿಯ ಕಥೆ, ಒಂದೇ ಒಂದು ತಿಂಗಳು ಬಿಡಿ ಎಂಬ ಬೇಡಿಕೆ. ಯುಶಿಯಾ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಅಕ್ಕ, ಏಳನೇ ತಿಂಗಳು ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಅವಳ ಕಿಡ್ನಿಗೆ ಪಂಚಾಂಗ ನೋಡೋಕೆ ಬರಲ್ವಲ್ಲ."

ಸಿಯುನ್ ತಂದ ಲೋಟದಲ್ಲಿ ಸೋಯಾಹಾಲು ಉಕ್ಕುವಾಗ ಏಳುವಂಥ ನೊರೆ. ಯಂತ್ರಕ್ಕೆ ಹಾಕುವ ಮೊದಲೇ ಯುಶಿಯಾಗೆ ಉತ್ತರ ಗೊತ್ತಾಯಿತು. ಗೊತ್ತಾಗದವರಂತೆ ಮುಚ್ಚಳ ಹಾಕಿದರು.

ಡಾಕ್ಟರ್ ವೆಯ್ ನಿಧಾನಸ್ಥರು, ಯಾರನ್ನೂ ದೊಡ್ಡದು ಮಾಡಿ ಹೊಗಳುವವರಲ್ಲ. "ಆ ರಕ್ತದ ಜೊತೆ ಆ ಮೂತ್ರ ನೋಡಿದ್ರೆ ನಾನೂ ಮತ್ತೆ ತರಿಸ್ತಿದ್ದೆ. ಆದ್ರೆ ಆ ಮನೆಯವರು ಮತ್ತೆ ಬರ್ತಿದ್ರಾ? ಅದು ಗ್ಯಾರಂಟಿ ಇಲ್ಲ," ಎನ್ನುತ್ತಾರೆ. ವರದಿ ನೋಡಿ ಅವರು ಮುಂದಿನ ವಾರವೇ ಸೂಜಿ ಹಾಕಿಸಬೇಕೆಂದರು. ಸಿಯುನ್ ತಾಯಿಯ ಕಡೆ ನೋಡಿದಳು. ಅಪ್ಪ ಹೋದ ಮೇಲೆ ಇಬ್ಬರೇ ಬದುಕಿದ ಮನೆ ಅದು. ಅಮ್ಮ ಒಪ್ಪದೆ ಮಂಚದ ಮೇಲೆ ಮಲಗುವವಳಲ್ಲ ಅವಳು. ಜಿನ್‌ಜು, ಬಂದರನ್ನು ಕಾಯುವ ರಾಜದೇವರನ್ನು ಕೇಳದೆ ಆಗುವುದಿಲ್ಲ ಎಂದರು.

ಹಾಗಾಗಿ ಅಂದು ಪಾಳಿ ಮುಗಿಸಿದ ಯುಶಿಯಾ ಮನೆಗೆ ಹೋಗದೆ ಅವರ ಜೊತೆ ಗುಡಿಗೆ ಹೋದರು. ಮಗಳು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಾ ಹಿಂದೆ ಉಳಿದಳು. ದೇವರನ್ನು ಕೇಳುವುದು ಹೀಗೆ: ಅರ್ಧಚಂದ್ರದ ಹಾಗಿರುವ ಎರಡು ಕೆಂಪು ಮರದ ತುಂಡು, ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು. ನೆಲಕ್ಕೆ ಬಿಟ್ಟಾಗ ಒಂದು ಚಪ್ಪಟೆ ಒಂದು ಉಬ್ಬು ಬಿದ್ದರೆ ದೇವರು ಹೂಂ ಅಂದ ಹಾಗೆ. ಎರಡೂ ಉಬ್ಬು ಬಿದ್ದರೆ ಊಹೂಂ. ಎರಡೂ ಚಪ್ಪಟೆ ಮೇಲಾಗಿ ಬಿದ್ದರೆ ದೇವರು ನಗುತ್ತಿದ್ದಾನೆ ಎಂದರ್ಥ, ಪ್ರಶ್ನೆಯೇ ಸರಿಯಿಲ್ಲ.

"ರಾಜದೇವ್ರೇ, ನನ್ನ ಮಗಳಿಗೆ ಈ ತಿಂಗಳು ಸೂಜಿ ಬೇಡ ತಾನೇ?" ಎಂದು ಕೇಳಿ ಜಿನ್‌ಜು ತುಂಡುಗಳನ್ನು ಬಿಟ್ಟರು. ದೇವರು ನಕ್ಕ. ಮತ್ತೆ ಬಿಟ್ಟರು. ಮತ್ತೆ ನಕ್ಕ. ಮೂರನೇ ಸಲವೂ ಅದೇ ಆಯಿತು.

ಹಿಂದೆ ಊದುಬತ್ತಿ ಹಿಡಿದು ನಿಂತಿದ್ದ ಯುಶಿಯಾ ಮೆಲ್ಲಗೆ ಹೇಳಿದರು, "ಅಕ್ಕ, ದೇವರಿಗೂ ಬದಲಿ ಸ್ಯಾಂಪಲ್ ಕೊಡ್ತಿದೀರಲ್ಲ, ನಗದೆ ಇನ್ನೇನು ಮಾಡ್ತಾನೆ? ಇದ್ದದ್ದು ಇದ್ದ ಹಾಗೆ ಹೇಳಿ ಕೇಳಿ."

ದೇವರ ಮುಂದೆ ಏನು ಕೇಳುವುದಿದ್ದರೂ ಮೊದಲು ಹೆಸರು, ಮನೆಯ ವಿಳಾಸ ಒಪ್ಪಿಸಬೇಕು. ಜಿನ್‌ಜು ಮಂಡಿಯೂರಿ ಶುರು ಮಾಡಿದರು. ಮೀನುಂಡೆ ಕೂಗಿ ಮಾರುವ ಗಂಟಲು ಮೆತ್ತಗೆ ಮಾತಾಡುವುದನ್ನು ಕಲಿತೇ ಇಲ್ಲ; ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನಾನು ಹುಂಗ್ ಜಿನ್‌ಜು, ಬಂದರಿನ ಹಿಂದಿನ ಬೀದಿ. ಮಗಳ ಮೂತ್ರ ಚೆಲ್ಲಿ ನಂದು ತುಂಬಿ ಕೊಟ್ಟೆ. ಇವರಿಗೆ ಸುಳ್ಳು ಹೇಳ್ದೆ, ಮಗಳಿಗೂ ಹೇಳ್ದೆ. ನಂಗೆ ಹೆದರಿಕೆ ದೇವ್ರೇ. ಅವಳಪ್ಪನ್ನ ನೀವು ಕರ್ಕೊಂಡ್ರಿ, ನಾನು ಏನೂ ಅನ್ನಲಿಲ್ಲ. ಈಗ ನನ್ನ ಹೆದರಿಕೆಗೋಸ್ಕರ ಅವಳ ಕಿಡ್ನಿ ಹೋಗ್ಬೇಕಾ? ಈ ತಿಂಗಳೇ ಮಾಡಿಸ್ಲಾ? ನೀವು ಜೊತೆಗಿರ್ತೀರಾ?"

ಒಂದು ಚಪ್ಪಟೆ, ಒಂದು ಉಬ್ಬು. ಇನ್ನೊಮ್ಮೆ ಬಿಟ್ಟರು, ಹಾಗೇ ಬಿತ್ತು. ಮೂರನೆಯದಕ್ಕೂ ಹೂಂ.

ಕಣ್ಣೊರೆಸಿಕೊಂಡು ತಿರುಗಿದರೆ ಕಂಬದ ಪಕ್ಕದಲ್ಲಿ ಸಿಯುನ್ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಂದು, ನೆಲದ ಮೇಲಿನ ತುಂಡುಗಳನ್ನು ಎತ್ತಿ ತಟ್ಟೆಗಿಟ್ಟು, ತಾಯಿಯ ಮಂಡಿಯ ಧೂಳು ಕೊಡವಿದಳು.

"ಅಮ್ಮ, ಇವತ್ತು ನಿನ್ನ ಸಕ್ಕರೆ ಮಾತ್ರೆ ತಗೊಂಡ್ಯಾ?" ಎಂದಳು.

ಆ ಮಾತಿಗೆ ತಾವೂ ಅತ್ತುಬಿಟ್ಟಿದ್ದಾಗಿ ಯುಶಿಯಾ ಒಪ್ಪಿಕೊಳ್ಳುತ್ತಾರೆ.

ಕಿಡ್ನಿಯ ಚೂರಿನಲ್ಲಿ ರಕ್ತ ಸೋಸುವ ಗಂಟುಗಳು ಅರ್ಧಕ್ಕಿಂತ ಹೆಚ್ಚು ಊದಿಕೊಂಡಿದ್ದವು. ಗಾಯ ಗಟ್ಟಿ ಕಲೆಯಾಗಿ ಕೂತಿರಲಿಲ್ಲ, ಔಷಧಿಗೆ ಬಗ್ಗುವ ಹಂತ. ಬಲವಾದ ಔಷಧಿಗಳು ಶುರುವಾದವು. ಸಿಯುನ್‌ಳ ಮುಖ ಊದಿಕೊಂಡು ಹರಾಜಿನ ಕಟ್ಟೆಯಲ್ಲಿ ಗುರುತೇ ಸಿಗದಂತಾಯಿತು, ಕೂದಲು ಬಾಚಣಿಗೆಗೆ ಬಂತು, ಕೆಲವು ತಿಂಗಳು ಕೂಗುವ ದನಿಯೂ ಹೋಗಿತ್ತು. ಅವಳು ಪ್ರತಿ ಸಲ ಬಂದಾಗಲೂ ತೋಳು ಚಾಚುವುದು ಯುಶಿಯಾಗೆ ಮಾತ್ರ. ಸ್ಟೀರಾಯ್ಡ್ ತಿಂದ ಮೈಯಲ್ಲಿ ನರಗಳು ನೆನೆದ ಕಾಗದದಂತೆ. ಬೇರೆ ಯಾರು ಚುಚ್ಚಿದರೂ ನೀಲಿಗಟ್ಟುತ್ತದೆ. ಮೂತ್ರದ ಟ್ಯೂಬನ್ನು ಸಿಯುನ್ ತಾನೇ ಎದೆಗವಚಿಕೊಂಡು ತರುತ್ತಾಳೆ, "ಅಮ್ಮನಿಗೆ ಮುಟ್ಟೋಕೂ ಬಿಟ್ಟಿಲ್ಲ" ಎಂದು ಕೌಂಟರಿನಲ್ಲಿ ಎಲ್ಲರಿಗೂ ಕೇಳುವಂತೆ ಛೇಡಿಸುತ್ತಾಳೆ. ಜಿನ್‌ಜು ಛತ್ರಿಯಿಂದ ಅವಳ ಬೆನ್ನಿಗೊಂದು ಬಿಡುತ್ತಾರೆ.

ಪ್ರೋಟೀನ್ ಇಳಿಯುತ್ತಾ ಬಂತು, ಆದರೆ ಪೂರ್ತಿ ನಿಲ್ಲಲಿಲ್ಲ. ಸಿ-ತ್ರೀ ಏರಿತು, ಇರಬೇಕಾದ ಗೆರೆ ಮುಟ್ಟಲಿಲ್ಲ. ಕಿಡ್ನಿ ಉಳಿಯುತ್ತದೋ, ಇಲ್ಲಾ ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯೇ ಗತಿಯೋ ಎಂಬುದು ವರ್ಷವಿಡೀ ಆ ಮನೆಯ ಊಟದ ಮೇಜಿನ ಮೇಲೆ ಕೂತೇ ಇತ್ತು. ಔಷಧಿ ಬದಲಿಸಬೇಕೋ ಬೇಡವೋ ಎಂಬುದನ್ನು ಈ ಏಳನೇ ತಿಂಗಳ ಪರೀಕ್ಷೆ ನೋಡಿ ತೀರ್ಮಾನಿಸುವುದಾಗಿ ಡಾಕ್ಟರ್ ವೆಯ್ ಹೇಳಿದ್ದರು.

ಆ ರಕ್ತವನ್ನು ಯುಶಿಯಾ ತೆಗೆದದ್ದು ಸೋಮವಾರ. ಬುಧವಾರ ಮಧ್ಯಾಹ್ನ ಅವರು ಕತ್ತಲು ಕೋಣೆಗೆ ಹೋಗಿ ಎಂದಿಗಿಂತ ಹೆಚ್ಚು ಹೊತ್ತು ಕೂತು ಹೊರಬರುತ್ತಾರೆ. ಪರದೆಯ ಮೇಲೆ ಉಳಿದ ಅಂಕಿಗಳು ಕಾಯುತ್ತಿವೆ. ಒಂದೊಂದಾಗಿ ನೋಡುತ್ತಾರೆ, ಮತ್ತೊಮ್ಮೆ ಹೆಸರು ನೋಡುತ್ತಾರೆ, ಹುಟ್ಟಿದ ದಿನ ನೋಡುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಪಕ್ಕದಲ್ಲಿ ನಿಂತವರಿಗೂ ಏನೂ ತಿಳಿಯುವುದಿಲ್ಲ.

ಅಷ್ಟರಲ್ಲಿ ಕೌಂಟರಿನಲ್ಲಿ ಜಿನ್‌ಜು ಹಾಜರು. ಜೊತೆಯಲ್ಲಿ, ಏಳನೇ ತಿಂಗಳು ಮುಗಿಯಲಿ ಎಂದು ಪರೀಕ್ಷೆ ತಪ್ಪಿಸಿಕೊಂಡಿದ್ದ ಮಾರ್ಕೆಟ್ಟಿನ ನೆರೆಯವಳೊಬ್ಬಳನ್ನು ತೋಳು ಹಿಡಿದು ಎಳೆದು ತಂದಿದ್ದಾರೆ. ಅವಳನ್ನು ಬೆಂಚಿಗೆ ಕೂರಿಸಿ, ಗಾಜಿನ ಕಿಂಡಿಗೆ ಮುಖ ಒತ್ತಿ ಯುಶಿಯಾ ಮುಖವನ್ನೇ ಓದುತ್ತಾರೆ.

"ಬಂದಿದೆ ಅಲ್ವಾ? ಒಂದೇ ಒಂದು ಮಾತು ಹೇಳಿ ಯುಶಿಯಾ. ಹೇಳೋದು ಬೇಡ, ತಲೆ ಆಡಿಸಿ ಸಾಕು."

"ಊಟ ಆಯ್ತಾ ಅಕ್ಕ?"

"ಊಟ ಹಾಳಾಗ್ಲಿ. ಎರಡು ದಿನದಿಂದ ಅನ್ನ ಇಳೀತಿಲ್ಲ ನಂಗೆ."

"ಡಾಕ್ಟ್ರು ನಾಳೆ ಬರ್ತಾರೆ. ಊಟ ಮಾಡಿ ಬನ್ನಿ."

"ಕಲ್ಲು ಕಣ್ರೀ ನೀವು, ಕಲ್ಲು!" ಎಂದು ಬೈದುಕೊಳ್ಳುತ್ತಾ ಜಿನ್‌ಜು ನೆರೆಯವಳ ಹೆಸರಿಗೆ ಸರದಿ ಚೀಟಿ ತರಲು ಹೋಗುತ್ತಾರೆ. ಯುಶಿಯಾ ಎದ್ದು, ಎಲ್ಲರಿಗೂ ಬೆನ್ನು ಮಾಡಿ ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಾರೆ. ಬಹಳ ಹೊತ್ತು ತೊಳೆಯುತ್ತಾರೆ. ತಿರುಗಿದಾಗ ಮೂಗಿನ ತುದಿ ಕೆಂಪಾಗಿದೆ, ಮಾಸ್ಕ್ ಮೇಲೇರಿಸಿಕೊಂಡು ಮುಂದಿನ ಚೀಟಿ ಕರೆಯುತ್ತಾರೆ.

ಗುರುವಾರ ಡಾಕ್ಟರ್ ವೆಯ್ ಹೇಳಿದರು: ಮೂತ್ರದಲ್ಲಿ ಪ್ರೋಟೀನ್ ನಿಂತಿದೆ, ಸಿ-ತ್ರೀ ಗೆರೆ ದಾಟಿದೆ, ಕಿಡ್ನಿ ಉಳಿದಿದೆ. ಜಿನ್‌ಜು ಡಾಕ್ಟರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು, ಕಾರಿಡಾರಿನಲ್ಲಿ ಸಿಕ್ಕ ನರ್ಸುಗಳಿಗೆಲ್ಲ ಮೀನುಂಡೆ ಹಂಚಿದರು. ಆ ಹೊತ್ತಿನಲ್ಲಿ ಕೆಳಗೆ ರಕ್ತದ ಕೋಣೆಯಲ್ಲಿ ಯುಶಿಯಾ ಯಾರದೋ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದರು.

ನಿವೃತ್ತಿಯೊಳಗೆ ಈಡೇರಬೇಕಾದ ಆಸೆ ಏನಾದರೂ ಇದೆಯೇ ಎಂದರೆ ಯುಶಿಯಾ ಮೊದಲು ಕೈಯಾಡಿಸಿ ಏನೂ ಇಲ್ಲ ಎನ್ನುತ್ತಾರೆ. ಸೂಜಿಯ ಡಬ್ಬಿ ಮುಚ್ಚುತ್ತಾರೆ, ಕುರ್ಚಿ ಒರೆಸುತ್ತಾರೆ. ಆಮೇಲೆ, ಬೇರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳುತ್ತಾರೆ.

"ಕೆಟ್ಟ ಸುದ್ದಿ ಡಾಕ್ಟ್ರೇ ಹೇಳ್ಲಿ, ಅದು ಅವರ ಕರ್ಮ. ಒಂದೇ ಒಂದ್ಸಲ, ಒಳ್ಳೆ ಸುದ್ದೀನ ನನ್ನ ಬಾಯಿಂದ ಹೇಳ್ಬೇಕು."